ಮಗ್ಗದ ಕುಣಿ ಮುಚ್ಚಿಸಿದ್ದು

ಸರ್ಕಾರಿ ದವಾಖಾನೆಯಲ್ಲಿ ನರ್ಸಾಗಿ ಮೂವತ್ತನಾಲ್ಕು ವರ್ಷ ಕಳೆದವಳು ನಾನು. ನಿವೃತ್ತಿಯಾದ ಮೇಲೂ ಐದಕ್ಕೆ ಎಚ್ಚರ, ಆರಕ್ಕೆ ಸ್ನಾನ. ಗಜೇಂದ್ರಗಡದಲ್ಲಿ ಒಬ್ಬರೇ ಇರುವ ವಯಸ್ಸಾದವರ, ನಡೆಯಲಾರದವರ ಮನೆಗಳಿಗೆ ಹೋಗಿ ಕೈಲಾದಷ್ಟು ಮಾಡೋಣವೆಂದು ನಾವು ಐದು ಜನ ಸೇರಿದಾಗ, ಸರದಿಯ ಪಟ್ಟಿ ಬರೆದವಳೂ ನಾನೇ. ನನ್ನ ಪಾಲಿಗೆ ಬಂದದ್ದು ನೇಕಾರರ ಓಣಿಯ ಒಬ್ಬ ಮುದುಕಿ. ಬೆಳಿಗ್ಗೆ ಏಳಕ್ಕೆ, ಸಂಜೆ ನಾಲ್ಕಕ್ಕೆ.

ಆಕೆಗೆ ಎಂಬತ್ತರ ಹತ್ತಿರ. ಸೊಂಟದ ಎಲುಬು ಮುರಿದು ಕೂಡಿದ ಮೇಲೆ ಎದ್ದು ನಿಲ್ಲಲು ಆಗುತ್ತಿರಲಿಲ್ಲ, ಕಾಲು ಮಡಚಿ ನೆಲದ ಮೇಲೆ ಕೂಡಲೂ ಆಗುತ್ತಿರಲಿಲ್ಲ. ಗಂಡ ತೀರಿಕೊಂಡು, ಮಗ್ಗ ಬಿಚ್ಚಿ ಮಾರಿಯಾಗಿತ್ತು. ನಡುಮನೆಯಲ್ಲಿ ಮಗ್ಗದ ಕುಣಿ ಮಾತ್ರ ಉಳಿದಿತ್ತು. ನೇಯುವವರು ಕಾಲು ಇಳಿಬಿಟ್ಟು ಕೂಡುವ, ಮೊಣಕಾಲುದ್ದದ ತಗ್ಗು. ಹಾಸಿಗೆಯಿಂದ ಕೈಯೂರಿ ತೆವಳುತ್ತ ಬಂದು ಕುಣಿಯೊಳಗೆ ಕಾಲು ಬಿಟ್ಟರೆ, ಆಕೆ ಕುರ್ಚಿಯ ಮೇಲೆ ಕೂತಂತೆ ಕೂಡುತ್ತಿದ್ದಳು. ಒಲೆ, ಹಿಟ್ಟು ನಾದುವ ಕೊಣಮಿಗಿ, ನೀರಿನ ಕೊಡ ಎಲ್ಲವೂ ಅಂಚಿನ ಸುತ್ತ, ಕೈಗೆ ಎಟುಕುವಂತೆ.

ಅಬ್ಬಿಗೇರಿಯಿಂದ ಆಕೆಯ ಅಣ್ಣನ ಮಗ ತನ್ನ ಮನೆಗೆ ಕರೆಯಲು ಬಂದಾಗಲೆಲ್ಲ ಒಂದೇ ಉತ್ತರ: “ನನ್ನ ರೊಟ್ಟಿ ನಾ ಬಡಕೊಳ್ಳೂ ತನಕ ಈ ಮನಿ ಬಿಡಂಗಿಲ್ಲಪಾ. ಅದು ಆಗದ ದಿನ ನೀ ಕೇಳೂದ ಬ್ಯಾಡ, ಗಾಡಿ ತೊಗೊಂಡ ಬಾ.”

ಎರಡನೇ ವಾರ ಆ ಕುಣಿಯಲ್ಲಿ ಬಿದ್ದವಳು ನಾನು. ಬಕೆಟ್ ಹಿಡಿದು ಹಿಂದಕ್ಕೆ ಸರಿದೆ, ಕಾಲು ಒಳಗೆ ಹೋಯಿತು. ಆಕೆ ನಕ್ಕಳು.

“ಅರವತ್ತ ವರ್ಷ ನಾ ಬೀಳಲಿಲ್ರಿ. ನೀವು ಹದಿನೈದ ದಿನಕ್ಕ ಬಿದ್ರಿ. ನೇಯಾಕ ಕುಂದರ್ತೀರೇನ ಮತ್ತ?”

ನನಗೆ ನಗು ಬರಲಿಲ್ಲ. ವಾರ್ಡಿನ ನೆಲ ಒದ್ದೆಯಾಗಿದ್ದರೂ ಆಯಾಳನ್ನು ಕೂಗಿ ಒರೆಸಿಸುತ್ತಿದ್ದವಳು ನಾನು. ಇದನ್ನು ಮುಚ್ಚಿಸಬೇಕು ಎಂದೆ.

“ಬ್ಯಾಡ್ರಿ ಅಕ್ಕಾರ, ಇರಲಿ ಬಿಡ್ರಿ,” ಎಂದಳು. ನಾನಾಗಲೇ ಗಾರೆ ಕೆಲಸದ ಗೌಂಡಿಗೆ ಫೋನ್ ಹಚ್ಚಿದ್ದೆ.

ಎರಡು ದಿನದಲ್ಲಿ ಮಣ್ಣು ತುಂಬಿ, ಸಿಮೆಂಟು ಬಳಿದು ನೆಲ ಸಪಾಟಾಯಿತು. ಗಟ್ಟಿ ಕುರ್ಚಿ, ಮೇಜು ತರಿಸಿದೆ. ಒಲೆ ಮೇಜಿನ ಮೇಲೇರಿತು. ಬೆಳಿಗ್ಗೆ ಏಳಕ್ಕೆ ಕಂಕುಳಿಗೆ ಕೈಕೊಟ್ಟು ಎತ್ತಿ ಕೂಡಿಸಿದೆ, ಸಂಜೆ ನಾಲ್ಕಕ್ಕೆ ಇಳಿಸಿದೆ. ರೊಟ್ಟಿ ಬಡಿದರೆ ಮೇಜು ಅಲುಗಾಡುತ್ತಿತ್ತು, ಅಷ್ಟೇ. ಮನೆ ಅಚ್ಚುಕಟ್ಟಾಗಿ ಕಂಡಿತು. ನಮ್ಮ ಗುಂಪಿನವರಿಗೆ ಫೋಟೊ ಕಳಿಸಿದೆ.

ನೆಲದಿಂದ ಕುರ್ಚಿಗೆ ಏರುವುದು ಆಕೆಯಿಂದ ಆಗದು, ಕುರ್ಚಿಯಿಂದ ಇಳಿಯುವುದೂ ಆಗದು. ಇದರ ಅರ್ಥ ನನಗೆ ತಿಳಿಯಲು ಒಂಬತ್ತು ದಿನ ಹಿಡಿಯಿತು. ಮೊದಲು ಹಸಿವಾದಾಗ ರೊಟ್ಟಿ, ಬೇಕೆನಿಸಿದಾಗ ತೆವಳಿಕೊಂಡು ಬಚ್ಚಲು. ಈಗ ಏಳರವರೆಗೆ ಹಾಸಿಗೆ, ನಾಲ್ಕರವರೆಗೆ ಕುರ್ಚಿ. ಬಚ್ಚಲಿಗೆ ಹೋಗಬೇಕಾದೀತೆಂದು ಆಕೆ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಬೆಳಿಗ್ಗೆ ಇಟ್ಟ ತಂಬಿಗೆ ಸಂಜೆಗೂ ತುಂಬಿಯೇ ಇರುತ್ತಿತ್ತು. ನಾನು ಅದನ್ನು ಚೆಲ್ಲಿ, ತೊಳೆದು, ಹೊಸ ನೀರು ತುಂಬಿಡುತ್ತಿದ್ದೆ. ರೋಗಿ ಎಷ್ಟು ನೀರು ಕುಡಿದ ಎಂದು ವರ್ಷಗಟ್ಟಲೆ ಕೇಸ್ ಪೇಪರಿನಲ್ಲಿ ಬರೆದ ಕೈ ಇದು.

ಹತ್ತನೇ ದಿನ ಚಳಿಜ್ವರ. ಮೂತ್ರದ ಸೋಂಕು ಎಂದರು ಡಾಕ್ಟರು. ಅಣ್ಣನ ಮಗ ಬಂದ. ಕುಣಿ ಮತ್ತೆ ಅಗೆಸಿಕೊಡುತ್ತೇನೆ, ಒಂದು ವಾರ ತಡೆಯಪ್ಪಾ ಎಂದು ಕೇಳಿಕೊಂಡೆ.

“ಅಕ್ಕಾರ, ಇನ್ನ ಸಾಕ ಮಾಡ್ರಿ,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. “ಗಾಡಿ ತೊಗೊಂಡ ಬಾ ಅಂತ ಅತ್ತೀನ ಹೇಳ್ಯಾಳ.”

ತಿಂಗಳ ನಂತರ ಅಬ್ಬಿಗೇರಿಗೆ ಹೋದೆ. ಆಕೆಯನ್ನು ಪಡಸಾಲೆಯ ಮಂಚದ ಮೇಲೆ ಗೋಡೆಗೆ ಒರಗಿಸಿ ಕೂಡಿಸಿದ್ದರು. ಅಣ್ಣನ ಮಗನ ಹೆಂಡತಿ ರೊಟ್ಟಿ, ಪಲ್ಯದ ತಾಟು ತಂದು ತೊಡೆಯ ಮೇಲಿಟ್ಟು ಹೋದಳು. ಚಲೋ ನೋಡಿಕೊಳ್ಳುತ್ತಿದ್ದರು. ಆಕೆ ರೊಟ್ಟಿಯ ಅಂಚನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದಳು, ಮುರಿಯಲಿಲ್ಲ.

“ಅವತ್ತ ನೀವು ಗಟ್ಟಿಯಾಗಿ ಬ್ಯಾಡ ಅನ್ನಬೇಕಿತ್ರಿ ಅವ್ವಾರ,” ಎಂದೆ. ಹಾಗೆ ಅನ್ನಲು ನನಗೆ ಬಾಯಿ ಹೇಗೆ ಬಂತೋ.

“ಅಂದಿದ್ನೆಲ್ರಿ. ನೀವು ಗೌಂಡಿ ಕೂಡ ಮಾತಾಡಾಕ ಹತ್ತಿದ್ರಿ.”

ಆಮೇಲೆ ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟಳು.

“ತಿನ್ರಿ,” ಎಂದಳು. “ನಾ ಬಡದದ್ದಲ್ಲ.”