ಸತ್ತ ಇಲಿ ಕಂಡ ಎರಡು ವರ್ಷ

ನಾನು ಹುಕ್ಕೇರಿಯಿಂದ ತುಕ್ಕಾನಟ್ಟಿಗೆ ಸೊಸೆಯಾಗಿ ಬಂದ ವರ್ಷ ಒಲೆಯ ಹಿಂದೆ ಸತ್ತ ಇಲಿ ಕಂಡಿತು. ತವರಿಗೆ ಪ್ಲೇಗು ಬಂದಾಗಲೂ ಮೊದಲು ಸತ್ತದ್ದು ಇಲಿಗಳೇ. ಎಂಟು ದಿನದಲ್ಲಿ ಅವ್ವನ ಕಂಕುಳಲ್ಲಿ ಗಂಟು ಎದ್ದು, ಅವ್ವ ಹೋದಳು. ಅದು ನೆನಪಾಗಿ ಕೈಯಲ್ಲಿದ್ದ ಮೊರ ಅಲ್ಲೇ ಬಿಟ್ಟು, ಹೊಸ ಸೊಸೆಯೆಂಬುದನ್ನೂ ಮರೆತು, ಓಣಿಯ ಒಂದೊಂದು ಬಾಗಿಲ ಮುಂದೂ ನಿಂತು ಕೂಗಿದೆ. ಮೂಡಲಗಿಯ ಸಂತೆಯಿಂದಲೂ ಬೇನೆಯ ಸುದ್ದಿ ಬಂದಿತ್ತು. ಹೀಗಾಗಿ ಓಣಿಯ ಆರೂ ಮನೆಯವರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡೆವು.

ಮೂರು ತಿಂಗಳು ಒಬ್ಬರಿಗೂ ಜ್ವರ ಬರಲಿಲ್ಲ. ತಿರುಗಿ ಬಂದಾಗ ಕೂಡಿಟ್ಟ ಜೋಳ ಮುಗ್ಗಿತ್ತು, ಪಕ್ಕದ ಮನೆಯ ಹಿತ್ತಲ ಗೋಡೆ ಕುಸಿದಿತ್ತು. ಆ ಮನೆಯಾಕೆ ನನಗಿಂತ ಹತ್ತು ವರ್ಷ ದೊಡ್ಡವಳು. ಬಾವಿಯ ಹತ್ತಿರ ಎಲ್ಲರ ಮುಂದೆ ನಕ್ಕಳು. "ಒಂದ್ ಇಲಿ ಸತ್ತದ್ದಕ್ಕ ನಮ್ಮನ್ನೆಲ್ಲಾ ಅಡವಿಗಿ ಹಾಕಿದಿ ನೋಡ ತಂಗಿ. ಎಲ್ಲೈತಿ ನಿನ್ನ ಬ್ಯಾನಿ?"

ಊರು ಬಿಟ್ಟದ್ದಕ್ಕೇ ಉಳಿದೆವು ಎನ್ನಲು ನನ್ನ ಬಳಿ ಸಾಕ್ಷಿ ಏನಿತ್ತು? ನನ್ನ ಮಾತು ಖರೆ ಎನಿಸಬೇಕಾದರೆ ಯಾರಾದರೂ ಸಾಯಬೇಕಿತ್ತು. ಹಾಗೆಂದು ಹೊಳೆದದ್ದೇ ಕೊಡ ಎತ್ತಿಕೊಂಡು ಮನೆಗೆ ನಡೆದೆ.

ಮರುವರ್ಷ ದನದ ಕೊಟ್ಟಿಗೆಯಲ್ಲಿ ಮತ್ತೊಂದು ಇಲಿ. ಸುತ್ತಲೂ ಯಾರೂ ಇರಲಿಲ್ಲ. ಎರಡು ಕಟ್ಟಿಗೆಯಿಂದ ಎತ್ತಿ ತಿಪ್ಪೆಯಲ್ಲಿ ಹೂತೆ. ಹೇಳಿದ ಮೇಲೆ ಎಲ್ಲರೂ ಬದುಕಿದರೆ ನಾನು ಮತ್ತೆ ಸುಳ್ಳಿ. ಹೇಳದೆ ಇದ್ದರೆ? ಎರಡು ದಿನ ತೊಟ್ಟಿಲಲ್ಲಿದ್ದ ಮಗಳ ಕಂಕುಳನ್ನು ಗಳಿಗೆಗೊಮ್ಮೆ ಮುಟ್ಟಿ ನೋಡುತ್ತಿದ್ದೆ. ಮೂರನೆಯ ಮುಂಜಾನೆ ಮಾವನವರಿಗೆ ಇಲಿ ಕಂಡದ್ದನ್ನು ಮೆಲ್ಲಗೆ ಹೇಳಿದೆ.

"ಹೋದ ವರ್ಷದಂಗ ಏನೂ ಆಗಲಿಕ್ಕಿಲ್ರಿ ಮಾವಾರ. ಆದ್ರ ನನಗ ಅಂಜಿಕಿ ಬರಾಕತ್ತೈತಿ."

ಅವರು ಎಲೆ ಅಡಿಕೆಯ ಚೀಲ ಮಡಚಿಟ್ಟರು. "ಹೋದ ವರ್ಷ ನೀ ಹೇಳಿದ್ದು ಖರೆಯೋ ಸುಳ್ಳೋ ತಿಳೀಬೇಕಂದ್ರ ನಾವು ಇಲ್ಲೇ ಉಳದು ನೋಡಬೇಕಿತ್ತವಾ. ಅಂಥಾ ಪರೀಕ್ಷಾ ನನಗ ಬ್ಯಾಡ. ಗಾಡಿ ಹೂಡಾಕ ಹೇಳ್ತೀನಿ."

ಪಕ್ಕದ ಮನೆಗೂ ಅವರೇ ಹೋಗಿ ಹೇಳಿದರು. "ಮತ್ತ ಅದ ಆಟಾ ಏನ್ರಿ?" ಎಂದರಂತೆ ಆ ಮನೆಯವರು. ಗಾಡಿ ಆ ಬಾಗಿಲು ದಾಟುವಾಗ ನಾನು ಸೆರಗು ಎಳೆದುಕೊಂಡು ತಲೆ ತಗ್ಗಿಸಿದೆ. ಇಳಿಯಲಿಲ್ಲ.

ಹದಿನೈದು ದಿನದೊಳಗೆ, ಊರಲ್ಲೇ ಉಳಿದಿದ್ದ ಪಕ್ಕದ ಮನೆಯಾಕೆಯ ಗಂಡ ಪ್ಲೇಗಿನಿಂದ ತೀರಿಕೊಂಡ. "ಸೊಸಿ ಮಾತು ಖರೆ ಆತ ನೋಡ್ರಿ" ಎಂದು ಊರವರು ಹೊಗಳತೊಡಗಿದರು. ಕೇಳಿದಾಗಲೆಲ್ಲ ನಾನು ಗುಡಿಸಲೊಳಗೆ ಹೋಗಿಬಿಡುತ್ತಿದ್ದೆ.

ಊರಿಗೆ ಮರಳಿದ ಮೇಲೆ ಆಕೆಯನ್ನು ಮಾತಾಡಿಸಲು ಹೋದೆ. ಆಕೆ ಬೈಯಲಿಲ್ಲ.

"ಹೋದ ವರ್ಷ ಒದರಿಕೋತ ಬಾಗಲಿಗಿ ಬಂದಿದ್ದಿ," ಎಂದಳು. "ಈ ವರ್ಷ ಯಾಕ ಬರಲಿಲ್ಲ ತಂಗಿ?"

ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆನೆಂದು ಹೇಳಲು ಆಗಲೂ ಅಂಜಿದೆ. ಆಕೆಯ ಮನೆಗೆ ಎರಡು ಕೊಡ ನೀರು ಸೇದಿ ತಂದಿಟ್ಟು ಹೊರಗೆ ಬಂದೆ.