ಮೂರು ಅರ್ಜಿ, ಒಂದೇ ಆದಾಯ

2022ರಲ್ಲಿ ನಾನು ಚಿಕ್ಕಬಳ್ಳಾಪುರದ ಒಂದು ಏಜೆನ್ಸಿಯಲ್ಲಿ ಫೀಲ್ಡ್ ವೆರಿಫಿಕೇಶನ್ ಕೆಲಸದಲ್ಲಿದ್ದೆ. ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದವರ ಮನೆಗೆ ಹೋಗಿ, ಅವರು ಬರೆದ ವಿಳಾಸ, ಕೆಲಸ, ಆದಾಯ ನಿಜವೇ ಎಂದು ನೋಡಿ ಬ್ಯಾಂಕಿಗೆ ವರದಿ ಕೊಡುವುದು ಆ ಕೆಲಸ. ವರದಿಯಲ್ಲಿ ‘ನೆಗೆಟಿವ್’ ಎಂದು ಬರೆದರೆ ಕಾರ್ಡು ಸಿಗುವುದಿಲ್ಲ, ಆ ಬ್ಯಾಂಕಿನಲ್ಲಿ ಮತ್ತೆ ಅರ್ಜಿ ಹಾಕುವುದೂ ಕಷ್ಟ.

ಆದಾಯದ ಕಾಲಂ ನೋಡಿ ನೋಡಿ ನನಗೆ ರೋಸಿಹೋಗಿತ್ತು. ಶಿಡ್ಲಘಟ್ಟದಲ್ಲಿ ಗೂಡು ಕೊಂಡ ಖರ್ಚು ಕಳೆಯದೆ, ರೇಷ್ಮೆ ನೂಲು ಮಾರಿ ಬಂದ ಹಣವನ್ನೆಲ್ಲ ಆದಾಯ ಎಂದು ಬರೆಯುತ್ತಿದ್ದರು. ಚಿಂತಾಮಣಿಯಲ್ಲೊಬ್ಬರು ಮುಂದಿನ ವರ್ಷ ಸಿಗಬಹುದಾದ ಸಂಬಳವನ್ನು ಈಗಲೇ ಬರೆದಿದ್ದರು. ಕೇಳಿದರೆ, “ಕಾರ್ಡು ಬರೋ ಹೊತ್ತಿಗೆ ಆಗ್ತದೆ ಬಿಡಿ ಸಾರ್” ಎಂದರು.

ಹೀಗಿರುವಾಗ ವಿದುರಾಶ್ವತ್ಥದ ಹತ್ತಿರದ ಒಂದು ಹಳ್ಳಿಯಿಂದ ಒಂದೇ ದಿನ ಮೂರು ಅರ್ಜಿ ಬಂದವು. ಮೂವರೂ ಅಣ್ಣತಮ್ಮಂದಿರು, ಒಂದೇ ಮನೆ. ಮೂರರಲ್ಲೂ ತಿಂಗಳ ಆದಾಯ ಅರವತ್ತೆಂಟು ಸಾವಿರ. ಕಾರ್ಡು ಮಾಡಿಸಿಕೊಡುವ ಏಜೆಂಟನೇ ಕೂತು ತುಂಬಿಸಿದ ಸುಳ್ಳು ಎಂದುಕೊಂಡು, ಬೆಳಗ್ಗೆಯೇ ಸಿಟ್ಟಿನಲ್ಲಿ ಹೊರಟೆ.

ಮೂವರೂ ಮನೆಯಲ್ಲೇ ಇದ್ದರು. ಹಿರಿಯ ಕೃಷ್ಣಪ್ಪನಿಗೆ ಹೊಲ ಮತ್ತು ಹಸು. ನಡುವಿನ ಗಂಗಾಧರನಿಗೆ ಗೂಡ್ಸ್ ಆಟೊ. ಕಿರಿಯ ನಾಗರಾಜ ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಗಾರ.

“ನಿಮ್ಮ ಸಂಬಳ ಎಷ್ಟು?” ಎಂದು ನಾಗರಾಜನನ್ನು ಕೇಳಿದೆ.

“ಇಪ್ಪತ್ತೊಂದು ಸಾವಿರದ ಆರುನೂರು ಸಾರ್.”

“ಮತ್ತೆ ಅರವತ್ತೆಂಟು ಸಾವಿರ ಅಂತ ಬರೆದಿದ್ದೀರ?”

“ಅದು ಆದಾಯ ಸಾರ್. ನೀವು ಕೇಳಿದ್ದು ಸಂಬಳ.”

ಮೂವರೂ ತಂದ ದುಡ್ಡನ್ನು ತಿಂಗಳ ಮೊದಲಲ್ಲಿ ತಾಯಿಯ ಟ್ರಂಕಿಗೆ ಹಾಕುವುದು ಆ ಮನೆಯ ಪದ್ಧತಿ. ಟ್ರಂಕಿಗೆ ಬೀಳುವುದು ಅರವತ್ತೆಂಟು ಸಾವಿರ. ಆದಾಯ ಎಷ್ಟು ಎಂದು ಏಜೆಂಟ್ ಕೇಳಿದಾಗ ಮೂವರೂ ಟ್ರಂಕಿನದನ್ನು ಹೇಳಿದ್ದರು. ಹಾಗಾದರೆ ಬ್ಯಾಂಕಿನ ಕಣ್ಣಿಗೆ ಈ ಮನೆಯ ಆದಾಯ ಎರಡು ಲಕ್ಷ ದಾಟುತ್ತದೆ ಎಂದೆ. ಗಂಗಾಧರ ನಕ್ಕ. “ಬ್ಯಾಂಕಿನೋರ ಬಾಯಿಗೆ ಸಕ್ಕರೆ ಹಾಕ್ಬೇಕು ಬಿಡಿ ಸಾರ್!”

ಕಾರ್ಡು ಯಾಕೆ ಬೇಕು ಎಂದು ಕೇಳಿದೆ. ಕೃಷ್ಣಪ್ಪ, ಅಂಗಳದಲ್ಲಿ ಕೂತಿದ್ದ ಏಳೆಂಟು ವರ್ಷದ ಹುಡುಗಿಯನ್ನು ತೋರಿಸಿದ. ಅವಳಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎರಡೂ ಕಿವಿಯ ಯಂತ್ರಕ್ಕೆ ಎಪ್ಪತ್ತಾರು ಸಾವಿರ. ಕಾರ್ಡು ಇದ್ದರೆ ಮಾತ್ರ ಕಂತು ಎಂದು ಅಂಗಡಿಯವರು ಹೇಳಿದ್ದರಂತೆ. ಮೂರರಲ್ಲಿ ಒಂದಾದರೂ ಬರಲಿ ಎಂದು ಮೂವರೂ ಅರ್ಜಿ ಹಾಕಿದ್ದರು.

“ಯಾರ ಮಗಳು?”

“ನಮ್ಮದು” ಎಂದರು ಮೂವರೂ.

“ಅಯ್ಯೋ, ಮೂವರಲ್ಲಿ ಯಾರದ್ರಪ್ಪ?” ಎಂದು ದನಿ ಏರಿಸಿದೆ. ಬಾಗಿಲಲ್ಲಿ ಕೂತಿದ್ದ ಅವರ ತಾಯಿ ದಡ್ಡನನ್ನು ನೋಡುವಂತೆ ನನ್ನನ್ನು ನೋಡಿ, ತೆಲುಗು ಬೆರೆಸಿ ಹೇಳಿದರು. “ಅಂತಾ ಮನದೇ ಕದಾ ನಾಯನಾ. ಎಲ್ಲಾ ನಮ್ಮದೇ ಅಲ್ವೇನಪ್ಪ?”

ಮಗು ನಾಗರಾಜನದು ಎಂದು ಕೊನೆಗೆ ರೇಷನ್ ಕಾರ್ಡು ನೋಡಿ ತಿಳಿದುಕೊಂಡೆ.

ಅಂದು ಸಂಜೆ ಆರರೊಳಗೆ ವರದಿ ಕಳಿಸಬೇಕಿತ್ತು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಹೆಂಡತಿ ಸಾವಿತ್ರಿಯ ಮುಂದೆ ಕೂಗಾಡಿದೆ. ಅವಳು ಯಾರದೋ ಸೀರೆಗೆ ಫಾಲ್ ಹಚ್ಚುತ್ತಿದ್ದಳು.

“ಮೂರಕ್ಕೂ ನೆಗೆಟಿವ್ ಬರೀತೀನಿ ಕಣೇ. ತಂದಿದ್ದು ಯಾರ್ಯಾರು ಎಷ್ಟೆಷ್ಟು ಅನ್ನೋದೂ ಗೊತ್ತಿಲ್ವಾ ಇವರಿಗೆ?”

ಅವಳು ಹಲ್ಲಿನಲ್ಲಿ ದಾರ ಕಡಿದು, “ರೀ, ನಿಮ್ಮ ಕಾರ್ಡಿನ ಅರ್ಜೀಲಿ ಎಷ್ಟು ಬರೆದಿದ್ರಿ?” ಎಂದಳು.

“ಮೂವತ್ತನಾಲ್ಕು ಸಾವಿರ.”

“ನಿಮ್ಮ ಸಂಬಳ ಆಗ ಇಪ್ಪತ್ತೇಳಲ್ವಾ? ಮಿಕ್ಕ ಏಳು ಸಾವಿರ ಯಾರ ಹೊಲಿಗೇದು?”

ನಾನು ಅನ್ನ ಕಲಸುತ್ತಾ ಕೂತೆ. ಅರ್ಜಿ ಬರೆಯುವಾಗ ಅದು ಸುಳ್ಳು ಎಂದು ನನಗೆ ಒಂದು ಗಳಿಗೆಯೂ ಅನಿಸಿರಲಿಲ್ಲ. ಮನೆಗೆ ಬರುವುದು ಮೂವತ್ತನಾಲ್ಕು, ಬರೆದದ್ದು ಮೂವತ್ತನಾಲ್ಕು.

ಊಟವಾದ ಮೇಲೆ ನಾಗರಾಜನಿಗೆ ಫೋನ್ ಮಾಡಿ ಸಂಬಳದ ಚೀಟಿಯ ಫೋಟೊ ತರಿಸಿಕೊಂಡೆ. ಅವನ ವರದಿಯಲ್ಲಿ, ಅರ್ಜಿಯಲ್ಲಿ ಬರೆದಿರುವುದು ಇಡೀ ಮನೆಯ ಆದಾಯ, ಅರ್ಜಿದಾರರ ಸ್ವಂತ ಸಂಬಳ ಇಷ್ಟು, ಕೇಳಿದ ಕೂಡಲೇ ಮುಚ್ಚಿಡದೆ ಹೇಳಿದ್ದಾರೆ ಎಂದು ಇದ್ದದ್ದನ್ನು ಇದ್ದಂತೆ ಬರೆದೆ. ಸಂಬಳದ ಚೀಟಿ ಇಲ್ಲದ ಅಣ್ಣಂದಿರಿಗೆ ಅರ್ಜಿ ವಾಪಸ್ ತೆಗೆದುಕೊಳ್ಳಲು ಹೇಳಿದೆ.

ನಾಗರಾಜನಿಗೆ ಕಾರ್ಡು ಬಂತು. ಮಿತಿ ನಲವತ್ತು ಸಾವಿರ. ಅದರಲ್ಲಿ ಒಂದೇ ಕಿವಿಯ ಯಂತ್ರ ಬಂತು.

“ಸಾರ್, ಅರವತ್ತೆಂಟೇ ಇರ್ಲಿ ಅಂತ ನೀವು ಬಿಟ್ಟಿದ್ರೆ ಎರಡೂ ಕಿವಿಗೆ ಆಗ್ತಿತ್ತಲ್ವಾ?” ಎಂದು ಫೋನಿನಲ್ಲಿ ಕೇಳಿದ. ನನಗೆ ಸಿಟ್ಟು ಬಂತು. ಬಿಟ್ಟಿದ್ದರೆ ಮೂರು ಅರ್ಜಿಯೂ ಬ್ಯಾಂಕಿನವರು ತಾಳೆ ನೋಡುವಾಗಲೇ ಬಿದ್ದುಹೋಗುತ್ತಿದ್ದವು ಎಂದು ಬಿಡಿಸಿ ಹೇಳಿದೆ. “ಸರಿ ಬಿಡಿ ಸಾರ್, ಈಗ ಬಲಗಡೆಯಿಂದ ಬೈದ್ರೆ ಕೇಳಿಸ್ತದೆ ಅವಳಿಗೆ” ಎಂದು ನಕ್ಕ. ಎರಡನೆಯದನ್ನು ಮರುವರ್ಷ ಟ್ರಂಕಿನಿಂದಲೇ ತೆಗೆದುಕೊಂಡರು.

ಸಾವಿತ್ರಿ ತೀರಿಹೋಗಿ ಈಗ ಹನ್ನೊಂದು ತಿಂಗಳು. ಕಳೆದ ವಾರ ನನ್ನ ಬ್ಯಾಂಕು ಆದಾಯವನ್ನು ಹೊಸದಾಗಿ ತಿಳಿಸಿ ಎಂದು ಕೇಳಿತ್ತು. ನನ್ನ ಸಂಬಳ ಈಗ ಮೂವತ್ತೊಂದು ಸಾವಿರ. ಅದನ್ನೇ ತುಂಬಿದೆ. ಮೊದಲಿನ ಮೂವತ್ತನಾಲ್ಕಕ್ಕಿಂತ ಆದಾಯ ಕಡಿಮೆಯಾಗಿದೆ, ಕಾರಣ ಆರಿಸಿ ಎಂದು ಫೋನು ಕೇಳಿತು. ಆರಿಸಲು ಇದ್ದದ್ದು ಮೂರೇ: ಕೆಲಸ ಹೋಗಿದೆ, ನಿವೃತ್ತಿ, ಇತರೆ.

ಆದಾಯದ ಕಾಲಂ ತಪ್ಪಿದ್ದರೆ ಬೈಯುವ ಮೊದಲು ಆ ಮನೆಯಲ್ಲಿ ದುಡಿಯುವವರು ಎಷ್ಟು ಜನ ಎಂದು ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಈ ಸಲ ನನ್ನ ಅರ್ಜಿಯಲ್ಲಿ ಒಂದು ಪೈಸೆಯೂ ತಪ್ಪಿರಲಿಲ್ಲ. ‘ಇತರೆ’ ಒತ್ತಲು ಮಾತ್ರ ತುಂಬಾ ಹೊತ್ತು ಹಿಡಿಯಿತು.