ಹಾಡಿಗೊಂದು ಒಗ್ಗರಣೆ

ಎಪ್ಪತ್ತರ ದಶಕದಲ್ಲಿ ಅಮೆರಿಕದ ಸೌತ್‌ಫೀಲ್ಡಿನ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ‘ಕಂಟ್ರಿ’ ಎಂಬ ಅಲ್ಲಿನ ಹಳ್ಳಿಗಾಡಿನ ಧಾಟಿಯ ಒಬ್ಬ ಹಾಡುಗಾರ್ತಿಯಿದ್ದಳು. ಹೊಸ ಹಾಡು ಕಟ್ಟಿದಾಗಲೆಲ್ಲ ಗಿಟಾರ್ ಹಿಡಿದು ನೇರ ನಮ್ಮ ಅಡುಗೆಮನೆಗೇ ಬರುತ್ತಿದ್ದಳು. ಇಂಗ್ಲಿಷ್ ಅಷ್ಟಾಗಿ ಬಾರದ ನನ್ನ ಹೆಂಡತಿಯೇ ಅವಳ ಪರೀಕ್ಷಕಿ. “ನಿನ್ನ ಕಣ್ಣಲ್ಲಿ ನೀರು ಬಂದರೆ ಹಾಡು ಪಾಸ್” ಎಂಬುದು ಅವಳ ಕಾಯಂ ಮಾತು.

ಎಲ್ಲ ಹಾಡುಗಳೂ ಪಾಸಾಗುತ್ತಿದ್ದವು. ಚಳಿಗೆ ಕಿಟಕಿ ಮುಚ್ಚಿದ ಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಯಾರನ್ನು ಬಿಟ್ಟೀತು? “ಪಾಪ, ಅವಳಿಗೆ ಹೇಳ್ಬೇಡಿ ಕಣ್ರೀ,” ಎಂದು ಹೆಂಡತಿ ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಆಮೇಲೆ ಹಾಡುಗಾರ್ತಿ ದೊಡ್ಡ ಹೆಸರು ಮಾಡಿದಳು. ಒಂದು ಸಂಜೆ ಟೀವಿಯಲ್ಲಿ, ಮಿರಮಿರ ಮಿಂಚುವ ಬೂಟು ತೊಟ್ಟು, ಚಿಕ್ಕಂದಿನಲ್ಲಿ ತಾವು ಅಕ್ಕತಂಗಿಯರು ಒಂದೇ ಜೊತೆ ಶೂ ಹಂಚಿಕೊಂಡು ದಿನ ಬಿಟ್ಟು ದಿನ ಶಾಲೆಗೆ ಹೋಗುತ್ತಿದ್ದುದನ್ನು ಹಾಡಿದಳು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಏನೇ, ಒಗ್ಗರಣೆಗೆ ಇಟ್ಟಿದ್ದೀಯಾ?” ಎಂದು ಕೆಣಕಿದೆ.

“ಸ್ಟವ್ ಇನ್ನೂ ಆನ್ ಮಾಡೇ ಇಲ್ಲ ಕಣ್ರೀ,” ಎಂದಳು.